ರೆಕ್ಕೆಯಾನೆ ಹನ್ನೊಂದು ಮೂವತ್ತೈದಕ್ಕೆ

ಬಸ್ ಡಿಪೋಗಳಲ್ಲಿ ಮುರಿದ ಪಾಳಿ ಎಂಬ ಒಂದು ಶಿಕ್ಷೆ ಇದೆ. ಬೆಳಿಗ್ಗೆ ಐದರಿಂದ ಹತ್ತರವರೆಗೆ ಡ್ಯೂಟಿ, ಆಮೇಲೆ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಡ್ಯೂಟಿ. ನಡುವಿನ ಆರು ಗಂಟೆ ನಿಮ್ಮದೇ, ಏನು ಬೇಕಾದರೂ ಮಾಡಿಕೊಳ್ಳಿ ಎನ್ನುತ್ತದೆ ಆಡಳಿತ, ಬಹಳ ಉದಾರವಾಗಿ. ಮನೆಗೆ ಹೋಗಿ ಬರುವುದಕ್ಕೇ ಮೂರು ಗಂಟೆ ಬೇಕಾದವರು ಎಲ್ಲಿಗೆ ಹೋಗಬೇಕು? ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಕೂರಬೇಕು. ಎರಡು ಬೆಂಚು, ಒಂದು ಮೇಜು, ಗರಗರ ಎನ್ನುವ ಒಂದು ಫ್ಯಾನು. ಮನುಷ್ಯರನ್ನು ಆರು ಗಂಟೆ ಹೀಗೆ ಕೂಡಿಹಾಕಿದರೆ ಒಂದೋ ನಿದ್ದೆ ಹೊಡೆಯುತ್ತಾರೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾರೆ. ಹನ್ನೆರಡನೇ ನಂಬರ್ ರೂಟಿನವರು ಮೂರನೆಯದೊಂದು ದಾರಿ ಹಿಡಿದರು. ಆನ್‌ಲೈನ್ ಆಟವೊಂದನ್ನು ಕಟ್ಟಲು ಹೊರಟರು.

ಇದು ಶುರುವಾದದ್ದು ಕಂಡಕ್ಟರಮ್ಮನ ಅಳುವಿನಿಂದ. ಅಳು ಎಂದರೆ ಗೊಳೋ ಎಂದಲ್ಲ. ಡಬ್ಬಿ ಬಿಚ್ಚಿ ಉಣ್ಣುತ್ತಿದ್ದವಳಿಗೆ ಕಣ್ಣು ತುಂಬಿಬಂತು, ಅಷ್ಟೆ. ಹದಿನೇಳು ವರ್ಷದಿಂದ ಕಿಕ್ಕಿರಿದ ಬಸ್ಸಿನಲ್ಲಿ ‘ಒಳಗೆ ನಡೀರಿ, ಒಳಗೆ ನಡೀರಿ’ ಎಂದು ಕೂಗಿ ಗಟ್ಟಿಯಾದ ಹೆಂಗಸು ಅವಳು. ಅಂಥವಳ ಕಣ್ಣಲ್ಲಿ ನೀರು ಕಂಡು ಅವಳ ಬಸ್ಸಿನ ಡ್ರೈವರನಿಗೆ ಕೈಕಾಲೇ ಆಡಲಿಲ್ಲ. ಈ ಡ್ರೈವರನನ್ನು ಡಿಪೋದಲ್ಲಿ ಎಲ್ಲರೂ ಹಾರನ್ ಎಂದೇ ಕರೆಯುತ್ತಿದ್ದರು. ಬಸ್ಸಿಗೆ ಬೇರೆ ಹಾರನ್ ಯಾಕೆ, ಇವನ ಬಾಯಿ ಸಾಲದೇ ಎಂದು ಯಾರೋ ಅಂದದ್ದು ಹಾಗೇ ಅಂಟಿಕೊಂಡಿತ್ತು.

“ಏನಾಯ್ತಕ್ಕಾ? ಮನೇಲಿ ಏನಾದ್ರೂ…?”

“ಏನಿಲ್ಲಪ್ಪ. ನಿನ್ನೆ ಮಗಳು ಮೊಬೈಲಲ್ಲಿ ಆಡೋ ಆಟಕ್ಕೆ ನಾನೂ ಹೋಗಿದ್ದೆ.”

ಮಗಳಿಗೆ ಹದಿನಾರು ವರ್ಷ. ಕಂಡಕ್ಟರಮ್ಮನ ಗಂಡ ಬೇಕರಿಯವನು, ರಾತ್ರಿಯೆಲ್ಲಾ ಹಿಟ್ಟು ನಾದಿ ಹಗಲೆಲ್ಲಾ ಮಲಗುವವನು. ಕಂಡಕ್ಟರಮ್ಮ ಮನೆ ಬಿಡುವಾಗ ಮಗಳಿಗೆ ನಿದ್ದೆ, ಅವಳು ವಾಪಸು ಬರುವಾಗ ಮಗಳ ಕೋಣೆಯ ಬಾಗಿಲು ಹಾಕಿರುತ್ತಿತ್ತು. ವಾರದ ರಜೆ ಬುಧವಾರ, ಅವತ್ತು ಮಗಳಿಗೆ ಶಾಲೆ. ಒಂದೇ ಸೂರಿನ ಕೆಳಗೆ ಮೂರು ಟೈಮ್‌ಟೇಬಲ್ಲು. ಹೀಗಾಗಿ ಸಂಸಾರ ನಡೆಯುತ್ತಿದ್ದದ್ದು ಫ್ರಿಜ್ಜಿನ ಬಾಗಿಲ ಮೇಲೆ, ಚೀಟಿಗಳಲ್ಲಿ. ‘ಹಾಲು ಕಾಯಿಸಿದೆ.’ ‘ಶೂ ಹರಿದಿದೆ.’ ‘ಅಪ್ಪನ್ನ ಮೂರಕ್ಕೆ ಎಬ್ಬಿಸು.’ ತಾಯಿಗೂ ಮಗಳಿಗೂ ಜಗಳವಾಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ಜಗಳವೇ ಆಗಿರಲಿಲ್ಲ. ಮಾತಿನ ರೂಢಿಯೇ ತಪ್ಪಿಹೋಗಿತ್ತು. ಎದುರಾದಾಗ ಮಗಳು ‘ಹ್ಞೂಂ’ ಎನ್ನುತ್ತಿದ್ದಳು, ‘ಸರಿ’ ಎನ್ನುತ್ತಿದ್ದಳು, ಬಹಳ ಖುಷಿಯಾಗಿದ್ದ ದಿನ ‘ಹ್ಞೂಂ, ಸರಿ’ ಎನ್ನುತ್ತಿದ್ದಳು. ಆದರೆ ಬಾಗಿಲು ಹಾಕಿಕೊಂಡ ಮೇಲೆ ಆಟದೊಳಗಿನ ಗೆಳತಿಯರ ಜೊತೆ ಅವಳು ನಗುವುದು, ರೇಗಿಸುವುದು, ಗಂಟೆಗಟ್ಟಲೆ ಹರಟುವುದು ಹೊರಗೆ ಕೇಳುತ್ತಿತ್ತು. ಆ ನಗುವನ್ನು ಕೇಳಿಸಿಕೊಳ್ಳುತ್ತಾ ತಾಯಿ ಅಡುಗೆಮನೆಯಲ್ಲಿ ನಿಂತಿರುತ್ತಿದ್ದಳು. ಇನ್ನು ಮೂರೂವರೆ ತಿಂಗಳಿಗೆ ಹುಡುಗಿ ಮುಂದಿನ ಓದಿಗೆಂದು ದೂರದ ಹಾಸ್ಟೆಲಿಗೆ ಹೊರಡುವವಳಿದ್ದಳು. ಆಮೇಲೆ ಚೀಟಿ ಅಂಟಿಸುವುದಕ್ಕೆ ಫ್ರಿಜ್ಜೂ ಇರುವುದಿಲ್ಲ.

“ಅಲ್ಲೇ ಹೋಗಿ ಮಾತಾಡಿಸೋಣ ಅಂದ್ಕೊಂಡೆ ಕಣೋ,” ಎಂದಳು ಕಂಡಕ್ಟರಮ್ಮ. “ಹೋದ ಎರಡೇ ನಿಮಿಷಕ್ಕೆ ಯಾರೋ ನನ್ನ ಕೊಂದುಹಾಕಿದ್ರು. ಎದ್ದು ಬಂದೆ, ಮತ್ತೆ ಕೊಂದ್ರು. ಆಮೇಲೆ ಇವಳು ಬಂದು, ಅಮ್ಮಾ ಪ್ಲೀಸ್, ನನ್ನ ಫ್ರೆಂಡ್ಸ್ ಮುಂದೆ ಇಲ್ಲೆಲ್ಲಾ ಬರಬೇಡ ಅಂದ್ಲು.”

ಹಾರನ್ ತೊಡೆ ತಟ್ಟಿ ಎದ್ದು ನಿಂತ. “ಅವರ ಆಟಕ್ಕೆ ನಾವ್ಯಾಕಕ್ಕಾ ಹೋಗಿ ಸಾಯ್ಬೇಕು? ನಮ್ದೇ ಒಂದು ಆಟ ಮಾಡೋಣ. ಬೇಕಾದ್ರೆ ಅವರೇ ಬರ್ಲಿ!”

ಅಟ್ಟ ಹತ್ತಲಾರದವನು ಬೆಟ್ಟ ಹತ್ತಿದನಂತೆ ಎಂದು ಗಾದೆ ಮಾಡಿದವರು ಹಾರನ್ನನ್ನು ನೋಡಿಯೇ ಮಾಡಿರಬೇಕು. ಅವನಿಗೆ ಮೊಬೈಲಿನಲ್ಲಿ ಅಲಾರಂ ಇಡುವುದಕ್ಕೆ ಬರುತ್ತಿರಲಿಲ್ಲ. ಆದರೂ ಆ ಮಧ್ಯಾಹ್ನವೇ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡು ತಂದ. ಏಳು ರಾಜ್ಯಗಳು, ಮೂರು ಸಮುದ್ರಗಳು, ಅರವತ್ತನಾಲ್ಕು ಬಗೆಯ ಹಾರುವ ಪ್ರಾಣಿಗಳು. ಹತ್ತು ಸಾವಿರ ಜನ ಒಟ್ಟಿಗೆ ಆಡಬೇಕು. ಮದುವೆ ಇರಬೇಕು, ಯುದ್ಧ ಇರಬೇಕು, ಯುದ್ಧದಲ್ಲಿ ಗೆದ್ದವರಿಗೆ ಪಿಂಚಣಿ ಇರಬೇಕು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರು ಅಂತಾರಲ್ಲ, ಇವನು ಕೂಸಿನ ಮೊಮ್ಮಕ್ಕಳಿಗೂ ಕುಲಾವಿ ಹೊಲಿದುಬಿಟ್ಟ. ಕಂಡಕ್ಟರಮ್ಮನಿಗೆ ನಗು ಬಂತು. ಆದರೆ ನೋಟ್‌ಬುಕ್ಕಿನ ಎಂಟನೇ ಪುಟ ಮುಗಿಯುವ ಹೊತ್ತಿಗೆ ಅವಳೂ ಬಗ್ಗಿ ಕೂತು, “ನಾಲ್ಕನೇ ರಾಜ್ಯದಲ್ಲಿ ಒಂದು ನದಿ ಹಾಕು, ಅವಳಿಗೆ ನೀರು ಅಂದ್ರೆ ಇಷ್ಟ,” ಎನ್ನುತ್ತಿದ್ದಳು.

ಆಟ ಕಟ್ಟುವುದಕ್ಕೆ ಕೋಡ್ ಬರೆಯಬೇಕಂತೆ ಎಂಬ ಸುದ್ದಿ ತಂದವನು ಮೆಕ್ಯಾನಿಕ್. ದಿನಕ್ಕೆ ಹತ್ತು ಮಾತು ಆಡಿದರೆ ಅವನಿಗೆ ಅದೇ ಹೆಚ್ಚು. ಮೊಬೈಲಿನಲ್ಲಿ ಪಾಠದ ವಿಡಿಯೊಗಳನ್ನು ನೋಡಿ, ಗ್ರೀಸು ಮೆತ್ತಿದ ಬೆರಳಿನಲ್ಲೇ ಒಂದೊಂದು ಅಕ್ಷರ ಒತ್ತಿ, ಮೂರು ವಾರ ತಿಣುಕಿದ. ಮೂರು ವಾರದ ಕೊನೆಗೆ ಪರದೆಯ ಮೇಲೆ ಒಂದು ಚೌಕ ಬಂತು. ಬಲಕ್ಕೆ ಹೋಗು ಎಂದರೆ ಬಲಕ್ಕೆ ಹೋಯಿತು. ಎಡಕ್ಕೆ ಹೋಗು ಎಂದರೂ ಬಲಕ್ಕೇ ಹೋಯಿತು. ಆದರೂ ಹಾರನ್ ಅವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. “ಇನ್ನೇನು ಮುಗೀತು! ಏಳು ರಾಜ್ಯ ಬಾಕಿ, ಅಷ್ಟೇ!”

ಆಟವನ್ನು ಸದಾ ನಡೆಸುತ್ತಿರಲು ಒಂದು ಕಂಪ್ಯೂಟರು ಬೇಕಿತ್ತು. ಕಂಟ್ರೋಲರ್ ಸಾಹೇಬರ ಕೋಣೆಯ ಮೂಲೆಯಲ್ಲಿ ಹಳೆಯದೊಂದು ದೂಳು ಹಿಡಿದು ಕೂತಿತ್ತು. ಕಂಟ್ರೋಲರ್ ಎಂದರೆ ಡಿಪೋದ ಎಲ್ಲಾ ಬಸ್ಸುಗಳ ವೇಳಾಪಟ್ಟಿ ಮಾಡುವವರು. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಅವರ ಒಂದು ಬಸ್ಸೂ ಸಮಯಕ್ಕೆ ಮುಂಚೆ ಡಿಪೋ ಬಿಟ್ಟಿರಲಿಲ್ಲ. ತಡವಾಗಿ ಬಿಟ್ಟದ್ದು ದಂಡಿಯಾಗಿತ್ತು, ಆದರೆ ಅದು ದೇವರ ಇಚ್ಛೆ, ತಮ್ಮ ತಪ್ಪಲ್ಲ ಎನ್ನುತ್ತಿದ್ದರು. ಕಂಪ್ಯೂಟರು ಕೇಳಲು ಹೋದ ಕಂಡಕ್ಟರಮ್ಮನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಅವರು ಇಸಿದುಕೊಂಡು ಕನ್ನಡಕ ಏರಿಸಿ ಓದಿದರು. ಓದುತ್ತಾ ಓದುತ್ತಾ ಮುಖ ಕಪ್ಪಿಟ್ಟಿತು.

“ಏನಮ್ಮಾ ಇದು, ಹತ್ತು ಸಾವಿರ ಜನ ಆನೆ, ಕುದುರೆ, ಹದ್ದು ಅಂತ ಆಕಾಶದಲ್ಲಿ ಹಾರ್ತಾರೆ ಅಂತ ಬರೆದಿದೀರಿ. ವೇಳಾಪಟ್ಟಿ ಎಲ್ಲಿ?”

“ವೇಳಾಪಟ್ಟಿ… ಮಾಡಿಲ್ಲ ಸಾರ್.”

“ಮಾಡಿಲ್ಲ! ಯಾರು ಎಲ್ಲಿಂದ ಬೇಕಾದ್ರೂ ಎಷ್ಟೊತ್ತಿಗೆ ಬೇಕಾದ್ರೂ ಹತ್ತೋದಾ? ಸಾಲು ಬೇಡ್ವಾ? ಸ್ಟಾಪು ಬೇಡ್ವಾ? ಕೊಲೆಯಾಗ್ಹೋಗುತ್ತೆ ಕಣಮ್ಮಾ!”

ಕಂಪ್ಯೂಟರು ಸಿಕ್ಕಿತು, ಜೊತೆಗೆ ಕಂಟ್ರೋಲರೂ ಸಿಕ್ಕರು. ಅಳತೆಪಟ್ಟಿ ಇಟ್ಟು, ಕೆಂಪು ಶಾಯಿ ನೀಲಿ ಶಾಯಿ ಬೇರೆ ಮಾಡಿ, ಅರವತ್ತನಾಲ್ಕು ಪ್ರಾಣಿಗಳಿಗೂ ಅವರು ವೇಳಾಪಟ್ಟಿ ಹಾಕಿದರು. ಭಾನುವಾರಕ್ಕೆ ಬೇರೆಯದು. ಇದರಲ್ಲಿ ಏನೋ ವಿಚಿತ್ರ ಇದೆ ಎಂದು ಆ ನಾಲ್ವರಲ್ಲಿ ಒಬ್ಬರಿಗಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬಸ್ಸಿನವರಿಗೆ ಲೋಕವೆಂದರೆ ಸ್ಟಾಪು, ಸಾಲು ಮತ್ತು ಸಮಯ. ಬೇರೆ ಆಟಗಳಲ್ಲಿ ಇವೆಲ್ಲ ಇಲ್ಲ ಎಂದು ಹೇಳಲು ಅವರಲ್ಲಿ ಯಾರೂ ಬೇರೆ ಆಟವನ್ನು ಎರಡು ನಿಮಿಷಕ್ಕಿಂತ ಹೆಚ್ಚು ಆಡಿರಲಿಲ್ಲ.

ಆ ಸಂಭ್ರಮದಲ್ಲಿ ಕಂಡಕ್ಟರಮ್ಮ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದಳು. ‘ನಾವು ಡಿಪೋದವರು ಆಟ ಮಾಡ್ತಿದ್ದೀವಿ. ಆನ್‌ಲೈನ್. ಹತ್ತು ಸಾವಿರ ಜನ.’

ಮರುದಿನ ಅದರ ಕೆಳಗೆ ಮಗಳ ಅಕ್ಷರ. ‘ಅಮ್ಮಾ, ಮೊದಲನೇ ಸಲವೇ ಆನ್‌ಲೈನ್ ಆಟಕ್ಕೆ ಕೈ ಹಾಕೋರು ಯಾರೂ ಮುಗಿಸಲ್ಲ. ಎಲ್ಲರೂ ಇದೇ ತಪ್ಪು ಮಾಡೋದು. ಚೆಂಡು ಪುಟಿಯೋ ಆಟ ಮಾಡಿ, ಸಾಕು.’

ಅದು ಕಳೆದ ಒಂದು ವರ್ಷದಲ್ಲಿ ಮಗಳು ಬರೆದ ಅತಿ ಉದ್ದದ ಚೀಟಿ. ತಾಯಿ ಅದನ್ನು ನಾಲ್ಕು ಸಲ ಓದಿದಳು. ಬುದ್ಧಿ ಹೇಳಿದ್ದಾಳೆ ಎಂದು ಸಿಟ್ಟು ಬರಲಿಲ್ಲ, ಇಷ್ಟುದ್ದ ಹೇಳಿದ್ದಾಳಲ್ಲ ಎಂದು ಎದೆ ತುಂಬಿತು. ಪೆನ್ನು ತೆಗೆದು ಬರೆದಳು. ‘ನೀನು ಹಾಸ್ಟೆಲಿಗೆ ಹೋಗೋ ಹಿಂದಿನ ಭಾನುವಾರ ಶುರು. ಬೆಳಿಗ್ಗೆ ಹನ್ನೊಂದಕ್ಕೆ. ಬರ್ತೀಯಾ?’

ಎರಡು ದಿನ ಉತ್ತರವಿಲ್ಲ. ಮೂರನೇ ದಿನ ನಾಲ್ಕೇ ಪದ. ‘ಆಟ ಅಂತ ಇದ್ರೆ ಬರ್ತೀನಿ.’

ಕಂಡಕ್ಟರಮ್ಮ ಆ ಚೀಟಿಯನ್ನು ಟಿಕೆಟ್ ಮಷೀನಿನ ಚೀಲದಲ್ಲಿ ಇಟ್ಟುಕೊಂಡು ಡಿಪೋಕ್ಕೆ ಬಂದು ಎಲ್ಲರಿಗೂ ತೋರಿಸಿದಳು. “ನೋಡ್ರಪ್ಪಾ, ನಂಗೆ ಹತ್ತು ಸಾವಿರ ಜನ ಬರದಿದ್ರೂ ಪರವಾಗಿಲ್ಲ. ಆ ದಿನ ಆಟ ಅಂತ ಒಂದು ಇರ್ಬೇಕು, ಇವಳೊಬ್ಬಳು ಬರ್ಬೇಕು. ಇಲ್ಲಾ ಅಂದ್ರೆ ಅಮ್ಮ ಇದನ್ನೂ ಮಾಡ್ಲಿಲ್ಲ ಅಂದ್ಕೊಂಡೇ ಹೋಗ್ತಾಳೆ.”

ಅವಳ ಮಾತಿನಲ್ಲಿದ್ದ ‘ಇದನ್ನೂ’ ಎಂಬುದು ಎಲ್ಲರಿಗೂ ಕೇಳಿಸಿತು. ಶಾಲೆಯ ನಾಟಕಕ್ಕೆ ಅವಳು ಹೋಗಿರಲಿಲ್ಲ, ಹಲ್ಲು ಕೀಳಿಸುವ ದಿನ ಹೋಗಿರಲಿಲ್ಲ. ಮುರಿದ ಪಾಳಿಯವರೆಲ್ಲರ ಮನೆಯಲ್ಲೂ ಅಂಥ ಪಟ್ಟಿ ಒಂದೊಂದು ಇತ್ತು.

ಎರಡು ತಿಂಗಳು ಕಳೆಯಿತು. ಚೌಕಕ್ಕೆ ಎಡಕ್ಕೆ ಹೋಗುವುದೂ ಬಂತು. ಎರಡು ಮೊಬೈಲುಗಳಿಂದ ಎರಡು ಚೌಕಗಳು ಒಂದೇ ಬಯಲಿಗೆ ಬಂದು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಿಸಿತು. ಆದರೆ ಮೂರನೆಯವರು ಬಂದ ಕೂಡಲೇ ಮೊದಲನೆಯವರು ಮಾಯವಾಗುತ್ತಿದ್ದರು. ಹದ್ದನ್ನು ಹಾರಿಸಿದರೆ ಸಮುದ್ರ ಒಣಗುತ್ತಿತ್ತು. ಸಮುದ್ರ ಸರಿಮಾಡಿದರೆ ಕಂಪ್ಯೂಟರು ಬಿಸಿಯಾಗಿ ಕಂಟ್ರೋಲರ್ ಸಾಹೇಬರು ಅದಕ್ಕೆ ರಟ್ಟಿನಿಂದ ಗಾಳಿ ಬೀಸಬೇಕಾಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇಷ್ಟರ ನಡುವೆಯೂ ಹಾರನ್ ದಿನಕ್ಕೊಂದು ಹೊಸ ಪುಟ ತರುತ್ತಿದ್ದ. ಎಂಟನೇ ರಾಜ್ಯವೊಂದು ಸಮುದ್ರದ ತಳದಲ್ಲಿ ಹುಟ್ಟಿಕೊಂಡಿತ್ತು. ಆ ಭಾನುವಾರಕ್ಕೆ ಹನ್ನೊಂದು ದಿನ ಉಳಿದಿತ್ತು.

“ಆಗಲ್ಲ,” ಎಂದ ಮೆಕ್ಯಾನಿಕ್, ಕೀಲಿಮಣೆ ಹಿಂದಕ್ಕೆ ತಳ್ಳಿ. ಆ ದಿನದ ಅವನ ಮೊದಲ ಮಾತು ಅದು.

“ಆಗಲ್ಲ ಅಂದ್ರೆ? ಇನ್ನೂ ನಾಲ್ಕು ಕೋಟೆ ಬಾಕಿ ಇದೆ!” ಎಂದ ಹಾರನ್.

“ಕೆಟ್ಟು ನಿಂತ ಹತ್ತು ಬಸ್ಸಿಗಿಂತ ಓಡೋ ಒಂದು ಬಸ್ಸು ಮೇಲು,” ಎಂದ ಮೆಕ್ಯಾನಿಕ್. ಮತ್ತೆ ಕಂಡಕ್ಟರಮ್ಮನ ಕಡೆ ತಿರುಗಿ, “ಏನು ಇಟ್ಕೊಳ್ಳಲಿ, ಏನು ಬಿಡಲಿ, ನೀವು ಹೇಳಿ ಅಕ್ಕಾ,” ಎಂದ.

ಐವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನರನ್ನು ತುಂಬಿಸಿ, ಬಾಗಿಲಲ್ಲಿ ಜೋತುಬಿದ್ದವನಿಗೂ ‘ಇನ್ನೊಂದು ಕಾಲಿಡೋಕೆ ಜಾಗ ಇದೆ’ ಎನ್ನುವವಳು ಅವಳು. ಇಲ್ಲ ಎನ್ನುವುದು ಅವಳ ವೃತ್ತಿಧರ್ಮಕ್ಕೇ ವಿರುದ್ಧ. ಆದರೂ ಅವತ್ತು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪುಟಕ್ಕೆ ಅಡ್ಡಗೆರೆ ಎಳೆದಳು. ಸಮುದ್ರ ಹೋಯಿತು. ಯುದ್ಧ ಹೋಯಿತು, ಅದರ ಪಿಂಚಣಿಯೂ ಹೋಯಿತು. ಎಂಟೂ ರಾಜ್ಯ ಹೋಗಿ ಒಂದು ಬಯಲು ಉಳಿಯಿತು. ನಾಲ್ಕನೇ ರಾಜ್ಯದ ನದಿಯ ಮೇಲೆ ಗೆರೆ ಎಳೆಯುವಾಗ ಕೈ ಸ್ವಲ್ಪ ತಡೆಯಿತು, ಆದರೂ ಎಳೆದಳು. ಹತ್ತು ಸಾವಿರ ಜನ ಹೋಗಿ ಹದಿನಾರು ಜನ ಎಂದಾಯಿತು. ಹಾರನ್ ಪ್ರತಿ ಗೆರೆಗೂ ತನ್ನ ಬೆನ್ನ ಮೇಲೇ ಎಳೆದಂತೆ ‘ಅಯ್ಯೋ, ಅಯ್ಯೋ’ ಎನ್ನುತ್ತಿದ್ದ. ಕೊನೆಗೆ ಅರವತ್ತನಾಲ್ಕು ಪ್ರಾಣಿಗಳ ಪುಟ ಬಂತು.

“ಒಂದನ್ನಾದ್ರೂ ಉಳ್ಸಿ ಅಕ್ಕಾ,” ಎಂದ ಅವನು, ಮಗುವಿನ ಹಾಗೆ.

“ಯಾವುದು ಬೇಕೋ ನೀನೇ ಹೇಳು.”

ಹಾರನ್ ಬಹಳ ಹೊತ್ತು ಯೋಚಿಸಿ ರೆಕ್ಕೆಯಾನೆಯನ್ನು ಆರಿಸಿಕೊಂಡ. ಅದರ ಚಿತ್ರ ಬಿಡಿಸಿದವನೂ ಅವನೇ. ಜೀವನವಿಡೀ ಬಸ್ಸೊಂದನ್ನೇ ಓಡಿಸಿದ ಕೈ, ಹಾಗಾಗಿ ಅದು ಸೊಂಡಿಲು ಮತ್ತು ರೆಕ್ಕೆ ಇರುವ ಬಸ್ಸಿನಂತೆಯೇ ಇತ್ತು. ಆಮೇಲೆ ಎರಡು ದಿನ ಅವನು ಮುಖ ಊದಿಸಿಕೊಂಡು ಯಾರ ಜೊತೆಗೂ ಮಾತಾಡಲಿಲ್ಲ. ಹನ್ನೆರಡನೇ ರೂಟಿನ ಪ್ರಯಾಣಿಕರು ಆ ಎರಡು ದಿನವನ್ನು ಬಹಳ ಶಾಂತವಾಗಿ ಕಳೆದರು. ಮೂರನೇ ದಿನ ಅವನೇ ಚಹಾ ತಂದುಕೊಟ್ಟು, “ರೆಕ್ಕೆಗೆ ನೀಲಿ ಬಣ್ಣ ಹಾಕ್ಲಾ?” ಎಂದ. ಅಲ್ಲಿಗೆ ಎಲ್ಲ ಸರಿಯಾಯಿತು.

ಉಳಿದ ದಿನಗಳಲ್ಲಿ ಮೆಕ್ಯಾನಿಕ್ ಬಯಲನ್ನು ಸರಿಮಾಡಿದ, ಸ್ಟಾಪಿಗೆ ಚಾವಣಿ ಹಾಕಿದ, ಹದಿನಾರು ಜನರೂ ಮಾಯವಾಗದಂತೆ ನೋಡಿಕೊಂಡ. ರೆಕ್ಕೆಯಾನೆಯನ್ನು ಪರೀಕ್ಷಿಸಲು ಒಂದು ಗುಂಡಿ ಇಟ್ಟುಕೊಂಡಿದ್ದ. ಒತ್ತಿದರೆ ಆನೆ ಬರುತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಗುಂಡಿ ಒತ್ತದಿದ್ದರೆ ಆನೆ ಯಾವಾಗ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಅದನ್ನು ಕಂಟ್ರೋಲರ್ ಸಾಹೇಬರು ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದರು. ಮೆಕ್ಯಾನಿಕ್ ಇದ್ದದ್ದು ಇದ್ದ ಹಾಗೇ ತುಂಬಿಸಿದ್ದ.

ಭಾನುವಾರ ಬಂತು. ಬೆಳಗಿನ ಟ್ರಿಪ್ಪು ಮುಗಿಸಿ, ಮುಖ ತೊಳೆದು, ಕಂಡಕ್ಟರಮ್ಮ ವಿಶ್ರಾಂತಿ ಕೋಣೆಯ ಮೇಜಿನ ಮುಂದೆ ಮೊಬೈಲ್ ಹಿಡಿದು ಕೂತಳು. ಆಟದ ಲಿಂಕನ್ನು ಹಿಂದಿನ ದಿನವೇ ಮಗಳಿಗೆ ಕಳಿಸಿದ್ದಳು. ಮಗಳು ನೋಡಿದ್ದಳು, ಉತ್ತರ ಕೊಟ್ಟಿರಲಿಲ್ಲ. ಪಕ್ಕದಲ್ಲಿ ಮೆಕ್ಯಾನಿಕ್ ಕಂಪ್ಯೂಟರಿನ ಮುಂದೆ, ಹಿಂದೆ ಹಾರನ್, ಬಾಗಿಲ ಬಳಿ ಇಸ್ತ್ರಿ ಅಂಗಿ ಹಾಕಿಕೊಂಡ ಕಂಟ್ರೋಲರ್ ಸಾಹೇಬರು. ಸರಿಯಾಗಿ ಹನ್ನೊಂದಕ್ಕೆ ಆಟ ತೆರೆಯಿತು. ಹಾರನ್ನನ ಭಾವಮೈದುನರು, ಇತರ ರೂಟಿನ ಕಂಡಕ್ಟರುಗಳು, ಅವರ ಮಕ್ಕಳು, ಹೀಗೆ ಹದಿಮೂರು ಬಣ್ಣದ ಚೌಕಗಳು ಬಂದು ಬಯಲಿನಲ್ಲಿ ನಿಂತವು, ಎಲ್ಲರ ಹಿಂದೆ ಕಂಡಕ್ಟರಮ್ಮನ ಚೌಕ. ಬಂದವರನ್ನು ಆಟ ತಾನಾಗಿಯೇ ಎಳೆದು ಸ್ಟಾಪಿನಲ್ಲಿ ಸಾಲಾಗಿ ನಿಲ್ಲಿಸಿತು. ಸಾಲು ಬಿಟ್ಟು ಅಲ್ಲಾಡಿದರೆ ಕೊನೆಗೆ ಕಳಿಸುತ್ತಿತ್ತು. ಸ್ಟಾಪಿನಲ್ಲೊಂದು ಫಲಕ: ‘ರೆಕ್ಕೆಯಾನೆ. ಹಿಂದಿನದು 10.55. ಮುಂದಿನದು 11.35.’

“ಏನ್ ಮಾಡ್ಬೇಕು ಇಲ್ಲಿ?” ಎಂದು ಯಾರೋ ಬರೆದರು.

“ಕಾಯ್ಬೇಕು ಅನ್ಸುತ್ತೆ,” ಎಂದು ಇನ್ಯಾರೋ ಬರೆದರು.

ಹಾರನ್ ಫಲಕವನ್ನು ಓದಿ, ಕಣ್ಣುಜ್ಜಿಕೊಂಡು, ಮತ್ತೆ ಓದಿ, ಕಂಟ್ರೋಲರ್ ಕಡೆ ತಿರುಗಿದ. “ಸಾರ್! ನಲವತ್ತು ನಿಮಿಷಕ್ಕೊಂದಾ?”

“ಭಾನುವಾರ ಅಲ್ವೇನಯ್ಯಾ,” ಎಂದರು ಅವರು. “ವಾರದ ದಿನ ಇಪ್ಪತ್ತಕ್ಕೊಂದು ಕೊಟ್ಟಿದೀನಿ.”

“ಮತ್ತೆ ಹತ್ತು ಐವತ್ತೈದಕ್ಕೆ ಯಾರನ್ನ ಹತ್ತಿಸ್ಕೊಂಡು ಹೋಯ್ತು?”

“ಖಾಲಿ ಹೋಯ್ತು. ವೇಳೆ ಅಂದ್ರೆ ವೇಳೆ.”

ಚೌಕಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಹದಿಮೂರು ಒಂಬತ್ತಾಯಿತು, ಒಂಬತ್ತು ಮೂರಾಯಿತು. ಮೂರೂವರೆ ತಿಂಗಳ ದುಡಿಮೆ, ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತಲ್ಲ ಎಂದು ಕಂಡಕ್ಟರಮ್ಮನಿಗೆ ಅನ್ನಿಸಿತು. ಇಲಿಯೂ ನಲವತ್ತು ನಿಮಿಷ ತಡ. ಹನ್ನೊಂದು ಐದು. ಹನ್ನೊಂದು ಎಂಟು. ಮಗಳು ಬರದಿದ್ದರೇ ಒಳ್ಳೆಯದು, ಇದನ್ನು ನೋಡಿ ನಗುತ್ತಾಳೆ ಎಂದು ಒಂದು ಮನಸ್ಸು. ಬರಲಿ, ನಕ್ಕರೂ ಪರವಾಗಿಲ್ಲ, ಬರಲಿ ಎಂದು ಇನ್ನೊಂದು ಮನಸ್ಸು.

ಹನ್ನೊಂದು ಹನ್ನೊಂದಕ್ಕೆ ಸಾಲಿನ ತುದಿಯಲ್ಲಿ ಒಂದು ಹಳದಿ ಚೌಕ ಬಂದು ನಿಂತಿತು. ಸರಿಯಾಗಿ ಅವಳ ಹಿಂದೆ.

“ಅಮ್ಮಾ, ಇದೇನಿದು?” ಎಂದು ಬರೆಯಿತು ಹಳದಿ ಚೌಕ.

ಕಂಡಕ್ಟರಮ್ಮ ಮೊಬೈಲನ್ನು ಹತ್ತಿರ ಹಿಡಿದುಕೊಂಡಳು. “ಆಟ,” ಎಂದು ಬರೆದಳು.

“ಇದು ಆಟ ಅಲ್ಲ, ಬಸ್ ಸ್ಟಾಪು.”

“ಹ್ಞೂಂ,” ಎಂದು ಬರೆದಳು ತಾಯಿ. ಹೊರಟೇ ಹೋದಳು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಅಕ್ಷರಗಳು ಮೂಡಿದವು.

“ಆನೆಗೆ ಟೈಮ್‌ಟೇಬಲ್ ಹಾಕಿದೀರಾ? ನಿಜವಾಗ್ಲೂ? ಯಾರಮ್ಮಾ ಈ ಐಡಿಯಾ ಕೊಟ್ಟಿದ್ದು? ನಾನಿಲ್ಲಿ ಬಿದ್ದು ಬಿದ್ದು ನಗ್ತಿದೀನಿ. ಅಪ್ಪ ಎದ್ದುಬಿಟ್ರು.”

ಕಂಡಕ್ಟರಮ್ಮ ಕಂಟ್ರೋಲರ್ ಬಗ್ಗೆ ಬರೆದಳು. ಹಾರನ್ನನ ಎಂಟನೇ ರಾಜ್ಯದ ಬಗ್ಗೆ, ಅವನು ಮುಖ ಊದಿಸಿಕೊಂಡ ಎರಡು ದಿನದ ಬಗ್ಗೆ, ಕಂಪ್ಯೂಟರಿಗೆ ಗಾಳಿ ಬೀಸಿದ ರಟ್ಟಿನ ಬಗ್ಗೆ ಬರೆದಳು. ತಪ್ಪು ತಪ್ಪಾಗಿ, ಅವಸರದಲ್ಲಿ. ಮಗಳು ಮಧ್ಯೆ ಮಧ್ಯೆ ‘ಆಮೇಲೆ?’ ಎನ್ನುತ್ತಿದ್ದಳು. ಸಾಲಿನಲ್ಲಿ ಉಳಿದಿದ್ದ ಮೂರು ಚೌಕಗಳು ಸುಮ್ಮನೆ ಓದುತ್ತಾ ನಿಂತಿದ್ದವು, ಬಸ್ ಸ್ಟಾಪಿನಲ್ಲಿ ಪಕ್ಕದವರ ಮಾತಿಗೆ ಕಿವಿಗೊಟ್ಟು ನಿಲ್ಲುವವರ ಹಾಗೆಯೇ.

ಹನ್ನೊಂದು ಇಪ್ಪತ್ತಕ್ಕೆ ಹಾರನ್ ತಡೆಯಲಾರದೆ ಮೆಕ್ಯಾನಿಕನ ಭುಜ ಅಲ್ಲಾಡಿಸಿದ. “ಗುಂಡಿ ಒತ್ತೋ! ಆನೆ ಬರ್ಲಿ! ಹುಡುಗಿ ಎಷ್ಟೊತ್ತು ಅಂತ ಕಾಯ್ತಾಳೆ?”

ಮೆಕ್ಯಾನಿಕ್ ಗುಂಡಿಯ ಮೇಲೆ ಬೆರಳಿಟ್ಟು ಕೇಳಿದ, “ಒತ್ಲಾ ಅಕ್ಕಾ?”

ಕಂಡಕ್ಟರಮ್ಮ ಮೊಬೈಲಿನಿಂದ ಕಣ್ಣು ಎತ್ತದೆಯೇ ಕೈ ಅಡ್ಡ ಹಿಡಿದಳು. “ಬೇಡ ಬೇಡ ಬೇಡ. ಮುಟ್ಬೇಡ.”

ಪರದೆಯ ಮೇಲೆ ಮಗಳು ಬರೆಯುತ್ತಿದ್ದಳು. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ಕು ಜನವಂತೆ. ಬೇರೆ ಮೂವರಿಗೆ ಒಬ್ಬರಿಗೊಬ್ಬರು ಮೊದಲೇ ಪರಿಚಯವಂತೆ. ‘ನಂಗೆ ಹೊಸಬರ ಹತ್ರ ಮಾತಾಡಕ್ಕೆ ಬರಲ್ಲ ಅಮ್ಮಾ. ಮುಖ ನೋಡ್ಕೊಂಡು ಮಾತಾಡಕ್ಕೆ ಆಗಲ್ಲ. ಇಲ್ಲಿ ಟೈಪ್ ಮಾಡ್ಬೋದು. ಅಲ್ಲಿ ಏನ್ ಮಾಡ್ಲಿ?’ ಮುಂದಿನ ಸಾಲಿನಲ್ಲಿ ‘ಭಯ ಆಗ್ತಿದೆ’ ಎಂದು ಬರೆದಳು.

ಇಷ್ಟು ದಿನ ಬಾಗಿಲ ಆಚೆ ನಗುವುದನ್ನಷ್ಟೇ ಕೇಳಿದ್ದ ತಾಯಿಗೆ, ಒಳಗೆ ಇದೂ ಇತ್ತು ಎಂದು ಗೊತ್ತಿರಲಿಲ್ಲ. ದುಃಖವಾಯಿತು, ಅದಕ್ಕಿಂತ ಹೆಚ್ಚಾಗಿ ಇದನ್ನು ತನ್ನ ಹತ್ತಿರ ಹೇಳಿದಳಲ್ಲ ಎಂದು ಸಂತೋಷವಾಯಿತು. ಎರಡೂ ಒಟ್ಟಿಗೆ ಆಗಿ ಮೂಗು ಸೋರಿತು. ತೋಳಿನಲ್ಲಿ ಒರೆಸಿಕೊಂಡು ಬರೆದಳು. ‘ನಾನು ಕೆಲಸದ ಮೊದಲನೇ ದಿನ ಬಸ್ಸಿಂದ ಇಳಿದು ಓಡಿಹೋಗಿದ್ದೆ, ಗೊತ್ತಾ? ಮೂರನೇ ಸ್ಟಾಪಲ್ಲೇ. ಅಷ್ಟು ಜನ ಒಟ್ಟಿಗೆ ನನ್ನೇ ನೋಡ್ತಿದ್ರು.’

‘ಸುಳ್ಳು.’

‘ನಿಜ ಕಣೇ. ಡ್ರೈವರ್ ಹಿಂದೆ ಓಡಿಬಂದು ಕರ್ಕೊಂಡು ಹೋದ. ಇದೇ ಹಾರನ್ನು.’

‘ಇದನ್ನ ಯಾಕೆ ಯಾವತ್ತೂ ಹೇಳಿಲ್ಲ?’

ಫ್ರಿಜ್ಜಿನ ಚೀಟಿಯಲ್ಲಿ ಹಿಡಿಸುವ ಮಾತಲ್ಲವಲ್ಲ ಅದು. ‘ಟೈಮೇ ಸಿಗ್ಲಿಲ್ಲ ಮಗಳೇ,’ ಎಂದು ಬರೆದಳು.

ಸರಿಯಾಗಿ ಹನ್ನೊಂದು ಮೂವತ್ತೈದಕ್ಕೆ, ಒಂದು ಸೆಕೆಂಡು ಹಿಂದಿಲ್ಲ ಮುಂದಿಲ್ಲ, ನೀಲಿ ರೆಕ್ಕೆ ಬಡಿಯುತ್ತಾ ಸೊಂಡಿಲಿನ ಬಸ್ಸು ಬಂದು ಸ್ಟಾಪಿನಲ್ಲಿ ನಿಂತಿತು. ಹಾರನ್ ಸಿಳ್ಳೆ ಹೊಡೆದ. ಕಂಟ್ರೋಲರ್ ಸಾಹೇಬರು ತಮ್ಮ ಕೈಗಡಿಯಾರ ನೋಡಿಕೊಂಡು ಮೀಸೆಯಲ್ಲೇ ನಕ್ಕರು. ಸಾಲಿನಲ್ಲಿದ್ದ ಮೂರು ಚೌಕಗಳು ಶಿಸ್ತಿನಿಂದ ಹತ್ತಿದವು. ಮುಂದಿನ ರಾಜ್ಯ ಎಂಬುದು ಇರಲೇ ಇಲ್ಲವಾದ್ದರಿಂದ ಆನೆ ಬಯಲಿಗೆ ಒಂದು ಸುತ್ತು ಹೊಡೆದು ಇದೇ ಸ್ಟಾಪಿಗೆ ಬಂದು ಅವರನ್ನು ಇಳಿಸಬೇಕಿತ್ತು, ಅದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಈಗ ಕಂಡಕ್ಟರಮ್ಮನ ಸರದಿ, ಅವಳ ಹಿಂದೆ ಮಗಳದು. ತನ್ನಿಂದ ಮಗಳಿಗೆ ತಡವಾಗಬಾರದೆಂದು ಅವಳು ಪಕ್ಕಕ್ಕೆ ಸರಿದಳು, ಆಟ ಅವಳನ್ನು ಮಗಳ ಹಿಂದಕ್ಕೆ ಕಳಿಸಿತು.

‘ಹತ್ತು, ಹತ್ತು, ಹೊರಟುಬಿಡುತ್ತೆ,’ ಎಂದು ಬರೆದಳು.

ಹಳದಿ ಚೌಕ ಅಲ್ಲಾಡಲಿಲ್ಲ. ಆನೆ ರೆಕ್ಕೆ ಬಡಿದು ಮೇಲಕ್ಕೆದ್ದಿತು.

‘ಅಯ್ಯೋ, ಹೋಯ್ತಲ್ಲೇ!’

‘ಹೋಗ್ಲಿ ಬಿಡಮ್ಮಾ,’ ಎಂದು ಬರೆದಳು ಮಗಳು. ‘ಮುಂದಿನದು ಎಷ್ಟೊತ್ತಿಗೆ?’

ಕಂಡಕ್ಟರಮ್ಮ ಫಲಕ ನೋಡಿದಳು. ಅಕ್ಷರಗಳು ಮಂಜುಮಂಜಾಗಿ ಕಂಡವು. ಹದಿನೇಳು ವರ್ಷದಿಂದ ದಿನಕ್ಕೆ ನೂರು ಸಲ ಪ್ರಯಾಣಿಕರು ಕೇಳುವ ಪ್ರಶ್ನೆ, ಆದರೆ ಅದಕ್ಕೆ ಉತ್ತರ ಹೇಳುವಾಗ ಅವಳಿಗೆ ಯಾವತ್ತೂ ಇಷ್ಟು ಸಂತೋಷವಾಗಿರಲಿಲ್ಲ.

‘ಹನ್ನೆರಡು ಹದಿನೈದಕ್ಕೆ,’ ಎಂದು ಬರೆದಳು. ‘ಇನ್ನೂ ನಲವತ್ತು ನಿಮಿಷ ಇದೆ.’

‘ಸರಿ, ಹೇಳು,’ ಎಂದಳು ಮಗಳು. ‘ಮೂರನೇ ಸ್ಟಾಪಲ್ಲಿ ಇಳಿದು ಎಲ್ಲಿಗೆ ಓಡಿಹೋಗಿದ್ದೆ?’